ಹಳೆಯ ಮೀನಿನ ತೊಟ್ಟಿಯ ಉಪ್ಪಿನ ಪದರ: ವಿನೆಗರ್, ನಿಂಬೆ ಉಪ್ಪು, ಬ್ಲೇಡು – ಎಲ್ಲಿಗೆ ಯಾವುದು?

ಬೆಂಗಳೂರಿನಂಥ ಊರಿನಲ್ಲಿ ಬಳಸಿದ ಮೀನಿನ ತೊಟ್ಟಿ ಸಿಗುವುದು ಕಷ್ಟವಲ್ಲ. ಮನೆ ಬದಲಿಸುವವರು, ಬೇರೆ ಊರಿಗೆ ವರ್ಗವಾದವರು, ಮಕ್ಕಳ ಉತ್ಸಾಹ ಇಳಿದ ಮನೆಯವರು ಹೊಸದಕ್ಕಿಂತ ಬಹಳ ಕಡಿಮೆ ಬೆಲೆಗೆ ಕೊಟ್ಟುಬಿಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ಒಂದೇ ರೀತಿ ಕಾಣುತ್ತವೆ: ನೀರು ನಿಂತಿದ್ದ ಮಟ್ಟದಲ್ಲಿ ಸುತ್ತಲೂ ಬಿಳಿಯ ಪಟ್ಟಿ, ಮುಚ್ಚಳದ ಒಳಮೈಯಲ್ಲಿ ಸುಣ್ಣ ಸಿಡಿದಂಥ ಚುಕ್ಕೆಗಳು, ಫಿಲ್ಟರ್ ಕೊಳವೆಯ ಬಾಯಲ್ಲಿ ಗಟ್ಟಿ ಹೆಪ್ಪು. ಇದನ್ನು ನೋಡಿ ಕೆಲವರು ತೊಟ್ಟಿಯೇ ಬೇಡವೆಂದು ಹಿಂದಿರುಗುತ್ತಾರೆ. ಇನ್ನು ಕೆಲವರು ಮನೆಗೆ ತಂದು ಬಚ್ಚಲಿನ ಆಸಿಡ್ ಬಾಟಲಿಗೆ ಕೈ ಹಾಕುತ್ತಾರೆ. ಎರಡರ ಅಗತ್ಯವೂ ಇಲ್ಲ. ಆ ಬಿಳುಪಿನ ಬಹುಪಾಲು ಅಡುಗೆಮನೆಯ ಸಾಮಾನಿನಿಂದಲೇ ಹೋಗುತ್ತದೆ. ಯಾವ ಸಾಮಾನು ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿ: ಪದರ ಎಷ್ಟು ದಪ್ಪವಿದೆ, ಎಲ್ಲಿ ಕೂತಿದೆ, ತೊಟ್ಟಿ ಗಾಜಿನದೋ ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಆದ ಅಕ್ರಿಲಿಕ್‌ನದೋ. ಬಲವಾದ ಆಮ್ಲ ಹುಡುಕುವುದಕ್ಕಿಂತ ದುರ್ಬಲ ಆಮ್ಲಕ್ಕೆ ಸಾಕಷ್ಟು ಸಮಯ ಕೊಡುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಅದರ ಸುತ್ತಲೇ ಇದೆ.

ಆ ಬಿಳುಪು ಏನು

ಕೊಳವೆ ಬಾವಿಯ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಬರುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬೈಕಾರ್ಬೊನೇಟ್‌ಗಳನ್ನು ಕರಗಿಸಿಕೊಂಡು ಬರುತ್ತದೆ. ತೊಟ್ಟಿಯಲ್ಲಿ ನೀರು ಆವಿಯಾದಾಗ ಹೋಗುವುದು ನೀರು ಮಾತ್ರ. ಉಳಿದ ಬೈಕಾರ್ಬೊನೇಟ್‌ನಿಂದ ಕಾರ್ಬನ್ ಡೈ ಆಕ್ಸೈಡ್ ಹೊರಟುಹೋಗಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಗಾಜಿಗೆ ಅಂಟಿ ಕೂರುತ್ತದೆ. ಗೀಸರ್‌ನ ಕಾಯಿಲ್ ಮೇಲೆ, ಬಚ್ಚಲಿನ ನಲ್ಲಿಯ ಬಾಯಲ್ಲಿ ಕಟ್ಟುವುದೂ ಇದೇ ವಸ್ತು.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ, ಅಂದರೆ ಹೀಗೆ ಕರಗಿರುವ ಖನಿಜದ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರವರೆಗೂ ಒಪ್ಪಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೂ, ಬೆಂಗಳೂರಿನಲ್ಲಿ ಬೋರ್‌ವೆಲ್ ನೀರನ್ನೇ ನಂಬಿರುವ ಬಡಾವಣೆಗಳವರಿಗೂ ಗಡಸು ನೀರು ಹೊಸದಲ್ಲ. ಕಾವೇರಿ ನೀರು ಅದಕ್ಕೆ ಹೋಲಿಸಿದರೆ ಮೆದು. ಮಲೆನಾಡು, ಕರಾವಳಿಯ ಬಾವಿ ನೀರು ಸಾಮಾನ್ಯವಾಗಿ ಇನ್ನೂ ಮೆದು. ಹಾಗಾಗಿ ತೊಟ್ಟಿ ಯಾವ ನೀರಿನ ಮನೆಯಿಂದ ಬಂದಿದೆ ಎಂದು ಕೇಳಿದರೆ ಪದರದ ಬಗ್ಗೆ ಅರ್ಧ ಉತ್ತರ ಸಿಕ್ಕಿತೆಂದೇ ಲೆಕ್ಕ.

ಈ ಪದರ ಮೀನಿಗೆ ವಿಷವಲ್ಲ. ಗಪ್ಪಿ, ಮೋಲಿಯಂಥ ಮೀನುಗಳಿಗೆ ಗಡಸು ನೀರೇ ಇಷ್ಟ. ತೊಂದರೆ ಬೇರೆಡೆ ಇದೆ. ಪದರದ ಹಿಂದೆ ಗಾಜಿನ ಬಿರುಕು ಅಡಗಿರಬಹುದು. ಮುಚ್ಚಳದ ಗಾಜು ಮಬ್ಬಾದರೆ ಗಿಡಗಳಿಗೆ ಬೆಳಕು ಇಳಿಯುವುದಿಲ್ಲ. ಹೀಟರ್ ಮೇಲೆ ಕೂತರೆ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಮೀನಿಗೆ ನಿಜವಾದ ಅಪಾಯ ಇರುವುದು ನಾವು ಸ್ವಚ್ಛಗೊಳಿಸಲು ಬಳಸಿ ಸರಿಯಾಗಿ ತೊಳೆಯದೆ ಬಿಡುವ ರಾಸಾಯನಿಕಗಳಲ್ಲಿ.

ಹಣ ಕೊಡುವ ಮೊದಲು

ಬಿಳುಪು ಎಲ್ಲಿದೆ ಎಂಬುದನ್ನು ಮೊದಲು ಓದಿಕೊಳ್ಳಿ. ಒಳಗಡೆ ಮೇಲಂಚಿನಲ್ಲಿ ಇದ್ದರೆ ಅದು ಸಹಜ. ಹೊರಗಡೆ, ಅದರಲ್ಲೂ ಕೆಳಮೂಲೆಯ ಜೋಡಣೆಯಲ್ಲಿ ಬಿಳಿ ಗೆರೆಯೋ ಹರಳಿನಂಥ ಗಂಟೋ ಇದ್ದರೆ ಅಲ್ಲಿ ನೀರು ನಿಧಾನವಾಗಿ ಜಿನುಗಿ ಒಣಗಿದೆ ಎಂದರ್ಥ. ಮಾರುವವರು ಸೋರುವುದಿಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು, ಏಕೆಂದರೆ ಸುಣ್ಣವೇ ಆ ಸಂದನ್ನು ಮುಚ್ಚಿರುತ್ತದೆ. ನೀವು ಆಮ್ಲ ಹಾಕಿ ಸುಣ್ಣ ತೆಗೆದ ದಿನ ಸೋರಿಕೆ ಮತ್ತೆ ತೆರೆದುಕೊಳ್ಳುತ್ತದೆ. ಅಂಥ ತೊಟ್ಟಿಗೆ ಜೋಡಣೆಗೆ ಹೊಸ ಸಿಲಿಕಾನ್ ಅಂಟು ಹಾಕಿಸುವ ಖರ್ಚನ್ನೂ ಬೆಲೆಯಲ್ಲಿ ಸೇರಿಸಿಕೊಳ್ಳಿ, ಇಲ್ಲವೇ ಬಿಟ್ಟುಬಿಡಿ.

ಇನ್ನೆರಡು ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಉಗುರನ್ನು ಗಾಜಿನ ಮೇಲೆ ಎಳೆಯಿರಿ. ಬಿಳುಪು ಉಗುರಿಗೆ ದಡಿಯಂತೆ ತಾಕಿದರೆ ಅದು ಗಾಜಿನ ಮೇಲೆ ಕೂತ ಪದರ. ಏನೂ ತಾಕದೆ ಗಾಜೇ ಮಬ್ಬಾಗಿ ಕಂಡರೆ ಗಾಜಿನ ಮೈ ಸವೆದಿರುವ ಸಾಧ್ಯತೆ ಹೆಚ್ಚು, ಅದು ಯಾವುದರಿಂದಲೂ ತೊಳೆದು ಹೋಗುವುದಿಲ್ಲ. ಆಮೇಲೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಇಡಿ. ಸಣ್ಣ ಗುಳ್ಳೆಗಳೆದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಮನೆಮದ್ದು ಸಾಕು. ಗುಳ್ಳೆ ಏಳದಿದ್ದರೆ ಅದು ಜಿಪ್ಸಂ ಅಥವಾ ಸಿಲಿಕಾದ ಅಂಶವಿರುವ ಪದರ ಇರಬಹುದು. ಅಲ್ಲಿ ಬ್ಲೇಡಿಗೇ ಹೆಚ್ಚು ಕೆಲಸ.

ಗಾಜೋ ಅಕ್ರಿಲಿಕ್ಕೋ ಎಂದು ಸಂಶಯವಿದ್ದರೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಗಾಜು ಗಟ್ಟಿಯಾಗಿ ಸದ್ದು ಮಾಡುತ್ತದೆ, ಕೈಗೆ ತಣ್ಣಗಿರುತ್ತದೆ. ಅಕ್ರಿಲಿಕ್‌ನ ಸದ್ದು ಮಂದ, ತೂಕವೂ ಕಡಿಮೆ, ಮೂಲೆಗಳಲ್ಲಿ ಸಿಲಿಕಾನ್ ಪಟ್ಟಿ ಕಾಣುವುದಿಲ್ಲ.

ಹಿಂದೆ ತೊಟ್ಟಿಯಲ್ಲಿ ಏನಿತ್ತು ಎಂದೂ ಕೇಳಿ. ಮೀನಿನ ಕಾಯಿಲೆಗೆ ತಾಮ್ರದ ಔಷಧ ಹಾಕಿದ್ದ ತೊಟ್ಟಿ ಸೀಗಡಿ, ಬಸವನಹುಳು ಸಾಕುವವರಿಗೆ ಒಳ್ಳೆಯದಲ್ಲ. ಫಿನಾಯಿಲ್, ಕೀಟನಾಶಕ ಇಡಲು ಬಳಸಿದ್ದ ತೊಟ್ಟಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ವಿನೆಗರ್

ಬಣ್ಣವಿಲ್ಲದ ಬಿಳಿ ವಿನೆಗರ್ ಹೆಚ್ಚಿನವರ ಮೊದಲ ಆಯ್ಕೆ. ಅದಕ್ಕೆ ಕಾರಣವೂ ಇದೆ. ಅದರಲ್ಲಿ ಅಸಿಟಿಕ್ ಆಮ್ಲ ಸಾಮಾನ್ಯವಾಗಿ ಶೇ. 4ರಿಂದ 5 ಇರುತ್ತದೆ. ಸುಣ್ಣದ ಪದರದೊಂದಿಗೆ ಸೇರಿದಾಗ ಉಂಟಾಗುವ ಕ್ಯಾಲ್ಸಿಯಂ ಅಸಿಟೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅಂದರೆ ತೊಳೆದರೆ ಹೋಗುತ್ತದೆ, ಮತ್ತೆ ಬಿಳಿಯಾಗಿ ಕೂರುವುದಿಲ್ಲ. ಉಳಿದದ್ದೂ ಬಹುಪಾಲು ಆವಿಯಾಗುತ್ತದೆ.

ಸಿಲಿಕಾನ್ ಅಂಟನ್ನು ವಿನೆಗರ್ ತಿಂದುಹಾಕುತ್ತದೆ ಎಂಬ ಭಯ ಬಹಳ ಜನರಿಗಿದೆ. ತೊಟ್ಟಿ ಕಟ್ಟಲು ಸಾಮಾನ್ಯವಾಗಿ ಬಳಸುವ ಸಿಲಿಕಾನ್ ಒಣಗುವಾಗ ತಾನೇ ಅಸಿಟಿಕ್ ಆಮ್ಲ ಬಿಡುತ್ತದೆ. ಹೊಸ ತೊಟ್ಟಿಯ ಅಂಗಡಿಯಲ್ಲಿ ಮೂಗಿಗೆ ಬಡಿಯುವ ಹುಳಿ ವಾಸನೆ ಅದರದ್ದೇ. ಪೂರ್ತಿ ಒಣಗಿದ ಸಿಲಿಕಾನ್‌ಗೆ ಅಡುಗೆ ವಿನೆಗರ್ ಕೆಲವು ಗಂಟೆ ತಾಕಿದರೆ ಆಗುವ ಹಾನಿ ಏನೂ ಇಲ್ಲ.

ಅದರ ಕೊರತೆ ಪ್ರಮಾಣದ್ದು. ಲೆಕ್ಕ ಹಾಕಿ ನೋಡಿ: 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಶೇ. 5ರ ವಿನೆಗರ್ ಸುಮಾರು 240 ಮಿ.ಲೀ. ಬೇಕು. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಯ ಸುತ್ತ ಐದು ಸೆಂಟಿಮೀಟರ್ ಅಗಲದ ಪಟ್ಟಿ, ದಪ್ಪ ಒಂದು ಕಾಗದದಷ್ಟು ಮಾತ್ರ ಎಂದುಕೊಂಡರೂ ಅಲ್ಲಿ 20 ಗ್ರಾಂಗೂ ಹೆಚ್ಚು ಪದರ ಇರುತ್ತದೆ. ಅಂದರೆ ಅರ್ಧ ಲೀಟರ್ ವಿನೆಗರ್ ಕಾಗದದ ಮೇಲಿನ ಲೆಕ್ಕಕ್ಕೇ ಬೇಕು. ಕೊನೆಕೊನೆಗೆ ದುರ್ಬಲ ಆಮ್ಲದ ಕೆಲಸ ನಿಧಾನವಾಗುವುದರಿಂದ ನಿಜದಲ್ಲಿ ಅದರ ಒಂದೂವರೆ ಪಟ್ಟಾದರೂ ಇಟ್ಟುಕೊಳ್ಳಬೇಕು. ಎರಡು ಹನಿ ಚಿಮುಕಿಸಿ ಒರೆಸಿ, ವಿನೆಗರ್‌ನಿಂದ ಏನೂ ಆಗಲಿಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬಟ್ಟಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಉಜ್ಜುವುದೂ ಅಷ್ಟೇ, ಗಾಜಿನ ಮೇಲೆ ಉಳಿಯುವ ಆಮ್ಲ ತೀರ ಕಡಿಮೆ.

ಸೇಬಿನ ವಿನೆಗರ್, ಕಂದು ಬಣ್ಣದ ವಿನೆಗರ್ ಬೇಡ. ಅವುಗಳ ಬಣ್ಣ, ಸಕ್ಕರೆಯ ಅಂಶ ತೊಟ್ಟಿಯಲ್ಲಿ ಅನಗತ್ಯ.

ನಿಂಬೆ ಉಪ್ಪು

ದಪ್ಪ ಪದರಕ್ಕೆ ನಾನು ಆರಿಸುವುದು ಇದನ್ನೇ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದು ಸಿಟ್ರಿಕ್ ಆಮ್ಲದ ಹರಳು. ಮೇಲೆ ಹೇಳಿದ 10 ಗ್ರಾಂ ಪದರಕ್ಕೆ ಇದು ಸುಮಾರು 13 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಸಾಕು. ವಾಸನೆಯಿಲ್ಲ, ಸಣ್ಣ ಪೊಟ್ಟಣದಲ್ಲಿ ಬರುತ್ತದೆ, ಬೇಕಾದಷ್ಟು ಮಾತ್ರ ಕಲಸಿಕೊಳ್ಳಬಹುದು. ಲೀಟರ್ ನೀರಿಗೆ 50 ಗ್ರಾಂ ಹಾಕಿದರೆ ವಿನೆಗರ್‌ನಷ್ಟು ಪ್ರಮಾಣದ ದ್ರಾವಣ. ಮುಚ್ಚಳದ ಗಟ್ಟಿ ಹೆಪ್ಪಿಗೆ 100 ಗ್ರಾಂವರೆಗೂ ಹೋಗಬಹುದು.

ಇದರಲ್ಲೊಂದು ತೊಡಕಿದೆ. ಸಿಟ್ರಿಕ್ ಆಮ್ಲ ಸುಣ್ಣದೊಂದಿಗೆ ಸೇರಿ ಆಗುವ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ; ಬಿಸಿ ನೀರಿನಲ್ಲಿ ಇನ್ನೂ ಕಡಿಮೆ. ದ್ರಾವಣವನ್ನು ಗಾಜಿನ ಮೇಲೆಯೇ ಒಣಗಲು ಬಿಟ್ಟರೆ ಒಂದು ಬಿಳುಪು ಹೋಗಿ ಇನ್ನೊಂದು ಬಿಳುಪು ಬರುತ್ತದೆ. ಆದ್ದರಿಂದ ನೀರು ಬಿಸಿ ಇರಬಾರದು, ಸಾಧಾರಣ ನೀರು ಸಾಕು. ಗುಳ್ಳೆ ಏಳುವುದು ನಿಂತ ಕೂಡಲೇ ದ್ರಾವಣ ಚೆಲ್ಲಿ ಹೊಸದು ಹಾಕಿ. ಒಣಗುವ ಮೊದಲೇ ತೊಳೆದುಬಿಡಿ. ಈ ಮೂರನ್ನು ಪಾಲಿಸಿದರೆ ನಿಂಬೆ ಉಪ್ಪಿನ ಮುಂದೆ ವಿನೆಗರ್ ನಿಲ್ಲುವುದಿಲ್ಲ. ಪಾಲಿಸಲು ವ್ಯವಧಾನವಿಲ್ಲದವರಿಗೆ, ಅಥವಾ ಪದರ ತೆಳುವಾಗಿ ಮಂಜಿನಂತೆ ಮಾತ್ರ ಇದ್ದರೆ, ವಿನೆಗರ್‌ನದೇ ಸುಲಭದ ದಾರಿ.

ನಿಂಬೆಹಣ್ಣನ್ನೇ ಬಳಸಬಹುದೇ? ಬಳಸಬಹುದು. ಅರ್ಧ ಹೋಳನ್ನು ಹಿಡಿದು ಉಜ್ಜಿದರೆ ಸಣ್ಣ ಕಲೆ ಹೋಗುತ್ತದೆ. ಇಡೀ ತೊಟ್ಟಿಗೆ ಬೇಕಾಗುವ ಹಣ್ಣುಗಳನ್ನು ನೆನೆದರೆ ಅದು ದುಂದು. ತಿರುಳು, ಸಿಪ್ಪೆಯ ಎಣ್ಣೆ ಬೇರೆ ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆ ಬೆಳಗುವ ಹುಣಸೆಹಣ್ಣು ಇಲ್ಲಿ ಕೆಲಸಕ್ಕೆ ಬಾರದು. ಅದರ ಟಾರ್ಟಾರಿಕ್ ಆಮ್ಲ ಸುಣ್ಣದೊಂದಿಗೆ ಸೇರಿ ಮಾಡುವ ಲವಣವೂ ಸರಿಯಾಗಿ ಕರಗುವುದಿಲ್ಲ, ಬಣ್ಣ ಬೇರೆ ಹತ್ತುತ್ತದೆ. ಹುಣಸೆಯ ಜೊತೆ ಬೂದಿ ಹಾಕುವ ಅಭ್ಯಾಸವಿದ್ದರೆ ಅದಂತೂ ತೊಟ್ಟಿಯ ಹತ್ತಿರ ಸುಳಿಯಬಾರದು. ಬೂದಿಯಲ್ಲಿರುವ ಸಿಲಿಕಾದ ಕಣಗಳು ಗಾಜನ್ನು ಗೀರುತ್ತವೆ.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ನೊರೆ ಬರಿಸುವ ವಿಧಾನ ಬಹಳ ಪ್ರಚಾರದಲ್ಲಿದೆ. ಸುಣ್ಣದ ಪದರದ ಮಟ್ಟಿಗೆ ಅದು ನಷ್ಟದ ವ್ಯಾಪಾರ. ಪದರ ಕರಗಿಸಬೇಕಾದ ಆಮ್ಲವನ್ನು ಸೋಡಾ ಅಲ್ಲೇ ಮುಗಿಸಿಬಿಡುತ್ತದೆ. ನೊರೆ ಕಣ್ಣಿಗೆ ಚೆಂದ, ಉಳಿಯುವುದು ಉಪ್ಪುನೀರು.

ಆಮ್ಲವನ್ನು ಗಾಜಿನ ಮೇಲೆ ನಿಲ್ಲಿಸುವುದು

ನಿಂತ ಗಾಜಿನ ಮೇಲೆ ದ್ರಾವಣ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಹೆಚ್ಚಿನ ಶ್ರಮ ವ್ಯರ್ಥವಾಗುವುದು ಇಲ್ಲಿಯೇ. ಚಿಕ್ಕ ತೊಟ್ಟಿಯಾದರೆ ದಪ್ಪ ಟವೆಲ್ ಹಾಸಿ, ಸ್ವಚ್ಛಗೊಳಿಸಬೇಕಾದ ಗಾಜು ಕೆಳಗೆ ಬರುವಂತೆ ಪಕ್ಕಕ್ಕೆ ಮಲಗಿಸಿ. ಮೂರು ಅಡಿಗಿಂತ ದೊಡ್ಡದಾದರೆ ಒಬ್ಬರೇ ಮಲಗಿಸಲು ಹೋಗಬೇಡಿ, ಎರಡು ಜನ ಬೇಕು, ಒಳಗೆ ನೀರಿರಬಾರದು. ಆಮೇಲೆ ಹಳೆಯ ಹತ್ತಿ ಪಂಚೆಯನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಹರಿದು, ದ್ರಾವಣದಲ್ಲಿ ತೊಯ್ಯಿಸಿ, ಹಿಂಡದೆ ಬಿಳಿ ಪಟ್ಟಿಯ ಮೇಲೆ ಹಾಸಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಬಟ್ಟೆ ಒಣಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಚಮಚದಲ್ಲಿ ಸ್ವಲ್ಪ ದ್ರಾವಣ ಸುರಿಯುತ್ತಿರಿ.

ಕಿವಿಗೊಟ್ಟರೆ ಮೊದಲ ಕೆಲವು ನಿಮಿಷ ಬಟ್ಟೆಯ ಕೆಳಗಿನಿಂದ ಸಣ್ಣಗೆ ಚುರುಗುಟ್ಟುವ ಸದ್ದು ಕೇಳುತ್ತದೆ. ಬಟ್ಟೆಯ ಅಂಚು ಎತ್ತಿ ನೋಡಿ: ಮೊದಲು ಪದರದ ಮೇಲ್ಮೈ ತುಂಬ ಸೂಜಿಮೊನೆಯಷ್ಟು ಗುಳ್ಳೆಗಳು, ಒಂದು ಗಂಟೆಯ ಹೊತ್ತಿಗೆ ಅಂಚುಗಳು ಹರಿದು, ನಡುವೆ ಗಾಜು ಕಾಣತೊಡಗುತ್ತದೆ, ಉಳಿದದ್ದು ಬೆರಳಿಗೆ ಒದ್ದೆ ಸೀಮೆಸುಣ್ಣದಂತೆ ಮೆತ್ತಗಾಗಿರುತ್ತದೆ. ಉಜ್ಜಲು ಇದೇ ಸರಿಯಾದ ಸಮಯ. ಮೆತ್ತಗಾಗುವ ಮೊದಲೇ ಉಜ್ಜುವವರು ಕೈ ನೋಯಿಸಿಕೊಳ್ಳುತ್ತಾರೆ, ಗಾಜನ್ನೂ ಗೀರುತ್ತಾರೆ.

ಎಲ್ಲಿ ಕೂತು ಈ ಕೆಲಸ ಮಾಡುತ್ತೀರಿ ಎಂಬುದೂ ಮುಖ್ಯ. ನಮ್ಮ ಎಷ್ಟೋ ಅಡುಗೆಮನೆಗಳ ಕಟ್ಟೆ ಕಡಪ ಕಲ್ಲಿನದು. ಕಡಪ ಕಲ್ಲು ಸುಣ್ಣದ ಕಲ್ಲೇ. ತೊಟ್ಟಿಯ ಪದರವನ್ನು ಕರಗಿಸುವ ಆಮ್ಲ ಕಟ್ಟೆಯನ್ನೂ ಕರಗಿಸಿ, ಹೊಳಪು ಹೋದ ಕಲೆಯನ್ನು ಕಾಯಂ ಆಗಿ ಉಳಿಸುತ್ತದೆ. ಮಾರ್ಬಲ್ ಮತ್ತು ಮೊಸಾಯಿಕ್ ನೆಲದ ಕಥೆಯೂ ಅದೇ. ತಾರಸಿಯಲ್ಲೋ ಬಟ್ಟೆ ಒಗೆಯುವ ಜಾಗದಲ್ಲೋ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಾಡಿ. ಬಿಸಿಲಿನಲ್ಲಿ ಬೇಡ, ದ್ರಾವಣ ಬೇಗ ಒಣಗುತ್ತದೆ. ಕೈಗವಸು ಹಾಕಿಕೊಳ್ಳಿ, ಬೆರಳಿನಲ್ಲಿ ಸಣ್ಣ ಗಾಯವಿದ್ದರೂ ನಿಂಬೆ ಉಪ್ಪು ಚೆನ್ನಾಗಿ ಉರಿಯುತ್ತದೆ, ಕಣ್ಣಿಗಂತೂ ತಾಕಲೇಬಾರದು.

ಬ್ಲೇಡು

ಗಾಜಿನ ತೊಟ್ಟಿಗೆ ಬ್ಲೇಡು ಒಳ್ಳೆಯ ಸಾಧನ, ಅಕ್ರಿಲಿಕ್‌ಗೆ ಶತ್ರು. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣದ ಹರಳಿಗೆ 3, ಗಾಜಿಗೆ ಸುಮಾರು 5.5, ಮರಳಿನ ಕಣಕ್ಕೆ 7. ಉಕ್ಕಿನ ಬ್ಲೇಡು ಹೆಚ್ಚುಕಡಿಮೆ ಗಾಜಿನ ಆಸುಪಾಸಿನದು. ಹಾಗಾಗಿ ಬ್ಲೇಡನ್ನು ಮಲಗಿಸಿ ತಳ್ಳಿದರೆ ಪದರ ಏಳುತ್ತದೆ, ಗಾಜು ಉಳಿಯುತ್ತದೆ. ಮೂಲೆ ಚುಚ್ಚಿದರೆ, ಅಥವಾ ಬ್ಲೇಡಿನ ಅಡಿಯಲ್ಲಿ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡರೆ, ಉದ್ದನೆಯ ಗೀರು ಖಂಡಿತ. ತಳದ ಜಲ್ಲಿ, ಮರಳು ಇದ್ದ ತೊಟ್ಟಿಯನ್ನು ಮೊದಲು ಬರಿ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು ಎನ್ನುವುದು ಇದಕ್ಕೇ.

ಗಾಜು ಸದಾ ಒದ್ದೆ ಇರಲಿ. ಹಿಡಿಯಿರುವ ಹೊಸ ಬ್ಲೇಡನ್ನು ಗಾಜಿಗೆ ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ತಳ್ಳಿ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ತುಕ್ಕು ಹಿಡಿದ, ಬಾಯಿ ಮುರಿದ ಬ್ಲೇಡು ಗೀರುತ್ತದೆ. ಮೂಲೆಯ ಸಿಲಿಕಾನ್‌ನಿಂದ ಕನಿಷ್ಠ ಒಂದು ಬೆರಳು ದೂರ ನಿಲ್ಲಿಸಿ. ಸಿಲಿಕಾನ್ ಪಟ್ಟಿಗೆ ಸಣ್ಣ ಕೊಯ್ತ ಬಿದ್ದರೂ ಅದು ಮುಂದೆ ಬಾಯಿ ಬಿಡುತ್ತದೆ. ಆ ಜಾಗಕ್ಕೆ ವಿನೆಗರ್‌ನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ ಸರಿ.

ಆಮ್ಲ ಮೊದಲೋ ಬ್ಲೇಡು ಮೊದಲೋ ಎಂದರೆ, ಆಮ್ಲವೇ ಮೊದಲು. ಮಾರುಕಟ್ಟೆಯಲ್ಲಿ ತೊಟ್ಟಿ ಮಾರುವವರಲ್ಲಿ ಅನೇಕರು ಒಣಗಾಜಿನ ಮೇಲೆ ನೇರ ಬ್ಲೇಡು ಹಾಕುತ್ತಾರೆ. ಬೇಗ ಮುಗಿಯುತ್ತದೆ ನಿಜ, ಬೆಳಕಿಗೆ ಹಿಡಿದರೆ ಜೇಡರ ಬಲೆಯಂಥ ಗೀರುಗಳು ಕಾಣುತ್ತವೆ. ಗುಳ್ಳೆ ಏಳದ ಪದರಕ್ಕೆ ಮಾತ್ರ ಬ್ಲೇಡಿನಿಂದಲೇ ಆರಂಭಿಸಬೇಕಾಗುತ್ತದೆ, ಆಗಲೂ ಗಾಜು ಒದ್ದೆಯಿರಬೇಕು.

ಉಜ್ಜುವುದಕ್ಕೆ ಹತ್ತಿ ಬಟ್ಟೆ, ಮೆತ್ತನೆಯ ಸ್ಪಂಜು, ಹಳೆಯ ಬ್ರಷ್ ಸಾಕು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಲ್ಲಿ ಉಜ್ಜುಪುಡಿ ಇರುತ್ತದೆ; ಗಾಜಿನ ಮೇಲೂ ಅದನ್ನು ನಾನು ಬಳಸುವುದಿಲ್ಲ. ಸ್ಟೀಲ್ ನಾರು ಬೇಡವೇ ಬೇಡ. ಕಲ್ಲುಪ್ಪು ಸುಣ್ಣದ ಹರಳಿಗಿಂತಲೂ ಮೆದು, ಗಾಜನ್ನು ಗೀರುವುದಿಲ್ಲ. ಮೆತ್ತಗಾದ ಪದರದ ಮೇಲೆ ಒಂದು ಚಿಟಿಕೆ ಹಾಕಿ ಉಜ್ಜಬಹುದು.

ಅಕ್ರಿಲಿಕ್ ತೊಟ್ಟಿಯವರಿಗೆ ಆಯ್ಕೆ ಕಿರಿದು. ವಿನೆಗರ್ ಅಥವಾ ತೆಳು ನಿಂಬೆ ಉಪ್ಪು, ಮೆತ್ತನೆಯ ಬಟ್ಟೆ, ಎಲ್ಲಾದರೂ ಗಟ್ಟಿ ಉಳಿದರೆ ಹಳೆಯ ಎಟಿಎಂ ಕಾರ್ಡಿನ ಅಂಚು. ಗಾಜು ಒರೆಸುವ ಅಮೋನಿಯಾ ದ್ರಾವಣ, ಸ್ಪಿರಿಟ್ ತಾಕಿದರೆ ಅಕ್ರಿಲಿಕ್ ಒಳಗೇ ಕೂದಲೆಳೆಯಂತೆ ಸೀಳುತ್ತದೆ.

ಬಚ್ಚಲಿನ ಆಸಿಡ್ ಮತ್ತು ಟಾಯ್ಲೆಟ್ ಕ್ಲೀನರ್

ಇವು ಕೆಲಸ ಮಾಡುವುದಿಲ್ಲ ಎಂದು ಹೇಳಲಾಗದು. ಹೈಡ್ರೊಕ್ಲೋರಿಕ್ ಆಮ್ಲ ನಿಮಿಷಗಳಲ್ಲಿ ಪದರವನ್ನು ಕರಗಿಸುತ್ತದೆ. ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ಹಾನಿ, ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ, ಮುಚ್ಚಳದ ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ಒಂದು ರಾತ್ರಿ ಕಾದರೆ ವಿನೆಗರ್ ಮಾಡುವ ಕೆಲಸಕ್ಕೆ ಇಷ್ಟು ಅಪಾಯ ತಂದುಕೊಳ್ಳುವ ಅಗತ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಟಾಯ್ಲೆಟ್ ಕ್ಲೀನರ್ ಇನ್ನೂ ಕೆಟ್ಟದ್ದು. ಅದರಲ್ಲಿ ಆಮ್ಲದ ಜೊತೆ ಮಾರ್ಜಕ, ಬಣ್ಣ, ಸುಗಂಧ ಇರುತ್ತವೆ. ಮಾರ್ಜಕ ಮೀನಿನ ಕಿವಿರಿನ ಸೂಕ್ಷ್ಮ ಪೊರೆಯನ್ನು ಕೆಡಿಸುತ್ತದೆ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಪುಡಿಗೂ ಇದೇ ಮಾತು. ತೊಟ್ಟಿಗೆಂದೇ ಬೇರೆ ಬಕೆಟ್ಟು, ಬೇರೆ ಸ್ಪಂಜು ಇಟ್ಟುಕೊಳ್ಳುವುದು ಇದಕ್ಕಾಗಿಯೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಳೆಯ ತೊಟ್ಟಿಯಲ್ಲಿ ಕಾಯಿಲೆಯ ಸೋಂಕು ಇದ್ದಿರಬಹುದೆಂದು ಬ್ಲೀಚ್ ಹಾಕುವವರಿದ್ದಾರೆ, ಅದು ತಪ್ಪಲ್ಲ. ಆದರೆ ಬ್ಲೀಚ್ ಮತ್ತು ಆಮ್ಲ ಒಟ್ಟು ಸೇರಬಾರದು. ವಿನೆಗರ್ ಇರಲಿ, ನಿಂಬೆ ಉಪ್ಪಿರಲಿ, ಬಚ್ಚಲಿನ ಆಸಿಡ್ ಇರಲಿ, ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಮೊದಲು ಆಮ್ಲದ ಕೆಲಸ ಮುಗಿಸಿ, ಹಲವು ಸಲ ತೊಳೆದು, ಆಮ್ಲದ ಬಟ್ಟೆಗಳನ್ನೆಲ್ಲ ಆಚೆ ಹಾಕಿ, ಮರುದಿನ ಬ್ಲೀಚ್ ಮಾಡಿ. ಒಂದು ಪಾಲು ಸುಗಂಧವಿಲ್ಲದ ದ್ರವ ಬ್ಲೀಚ್‌ಗೆ ಇಪ್ಪತ್ತು ಪಾಲು ನೀರು, ಹತ್ತು-ಹದಿನೈದು ನಿಮಿಷ, ಆಮೇಲೆ ವಾಸನೆ ಹೋಗುವವರೆಗೆ ತೊಳೆಯುವುದು. ಕೊನೆಯ ನೀರಿಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕುವುದು. ಬ್ಲೀಚಿಂಗ್ ಪೌಡರ್ ಈ ಕೆಲಸಕ್ಕೆ ಸಲ್ಲದು. ಅದರಲ್ಲಿ ಸುಣ್ಣವೇ ಇರುತ್ತದೆ. ಕಷ್ಟಪಟ್ಟು ತೆಗೆದ ಬಿಳುಪನ್ನು ಅದು ಮತ್ತೆ ಬಳಿದುಬಿಡುತ್ತದೆ.

ಫಿಲ್ಟರ್, ಹೀಟರ್, ಮುಚ್ಚಳ

ಹೀಟರನ್ನು ಪ್ಲಗ್‌ನಿಂದ ಕಿತ್ತು ಪೂರ್ತಿ ತಣ್ಣಗಾದ ಮೇಲೆ, ಬಿಳುಪಿರುವ ಗಾಜಿನ ಕೊಳವೆಯ ಭಾಗವನ್ನು ಮಾತ್ರ ಎತ್ತರದ ಲೋಟದಲ್ಲಿ ವಿನೆಗರ್‌ಗೆ ಇಳಿಸಿ ನಿಲ್ಲಿಸಿ. ಫಿಲ್ಟರಿನ ಪಂಪನ್ನು ಬಿಚ್ಚಿದರೆ ಒಳಗೆ ತಿರುಗುವ ಆಯಸ್ಕಾಂತದ ರೆಕ್ಕೆ ಸಿಗುತ್ತದೆ. ಗರಗರ ಸದ್ದು ಮಾಡುವ ಹಳೆಯ ಪಂಪುಗಳಲ್ಲಿ ಬಹಳಷ್ಟಕ್ಕೆ ಅಲ್ಲಿ ಕೂತ ಸುಣ್ಣವೇ ಕಾರಣ. ಅದನ್ನೂ ಅದರ ಗೂಡನ್ನೂ ನಿಂಬೆ ಉಪ್ಪಿನ ದ್ರಾವಣದಲ್ಲಿ ನೆನೆಸಿ ಬ್ರಷ್ ಹಾಕಿ. ಗಾಜಿನ ಮುಚ್ಚಳವನ್ನು ತಟ್ಟೆಯಂಥ ಅಗಲ ಪಾತ್ರೆಯಲ್ಲಿ ಮುಳುಗಿಸಿಬಿಡಬಹುದು. ಫಿಲ್ಟರಿನ ಹಳೆಯ ಸ್ಪಂಜನ್ನು ಶುದ್ಧ ಮಾಡಲು ಹೆಣಗಬೇಡಿ, ಹೊಸದು ತನ್ನಿ.

ಮೀನು ಇರುವ ತೊಟ್ಟಿಯಾದರೆ

ಕೆಲವರು ಮೀನಿನ ಸಮೇತ ತೊಟ್ಟಿ ತರುತ್ತಾರೆ, ಖಾಲಿ ಮಾಡುವ ಸ್ಥಿತಿ ಇರುವುದಿಲ್ಲ. ಆಗ ಆಮ್ಲ ಸುರಿಯುವಂತಿಲ್ಲ. ಆಮ್ಲ ನೀರಿಗೆ ಬಿದ್ದರೆ ಅದರ ಕ್ಷಾರೀಯತೆ ಕುಸಿದು ಪಿಎಚ್ (ಆಮ್ಲ-ಕ್ಷಾರದ ಅಳತೆ) ಜಾರುತ್ತದೆ, ಮೀನಿಗೆ ಆಘಾತ. ನೀರು ಬದಲಿಸುವ ದಿನ ಮಟ್ಟವನ್ನು ಬಿಳಿ ಪಟ್ಟಿಗಿಂತ ನಾಲ್ಕು ಬೆರಳು ಕೆಳಗೆ ಇಳಿಸಿ, ವಿನೆಗರ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಹನಿ ಬೀಳದಂತೆ ಒತ್ತಿ ಹಿಡಿಯಿರಿ, ಆಮೇಲೆ ಬರಿ ನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಒಂದು ವಾರ ಒಂದು ಬದಿ, ಮುಂದಿನ ವಾರ ಇನ್ನೊಂದು. ಗಾಜಿನ ತೊಟ್ಟಿಯಾದರೆ ಇಲ್ಲಿ ಬ್ಲೇಡಿಗೇ ಹೆಚ್ಚು ಅಂಕ. ಉದುರುವ ಸುಣ್ಣದ ಪುಡಿಯಿಂದ ಮೀನಿಗೆ ತೊಂದರೆಯಿಲ್ಲ.

ತೊಳೆದ ಮೇಲೆ

ಮೂರು-ನಾಲ್ಕು ಸಲ ನೀರು ತುಂಬಿ ಚೆಲ್ಲಿ. ಹುಳಿ ವಾಸನೆ ಪೂರ್ತಿ ಹೋಗಿರಬೇಕು. ನಂತರ ಸಮತಟ್ಟಾದ ಜಾಗದಲ್ಲಿ ಥರ್ಮಾಕೋಲ್ ಹಾಳೆಯ ಮೇಲಿಟ್ಟು, ಸುತ್ತ ಒಣ ಕಾಗದ ಹಾಸಿ, ಮೇಲಿನವರೆಗೂ ನೀರು ತುಂಬಿ ಎರಡು ದಿನ ಬಿಡಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ 55 ಲೀಟರಿನಷ್ಟು, ಅಂದರೆ ಅಷ್ಟೇ ಕಿಲೋ ನೀರು ನಿಲ್ಲುತ್ತದೆ. ಹಾಗಾಗಿ ಪರೀಕ್ಷೆಯನ್ನು ಟೀಪಾಯಿಯ ಮೇಲೆ ಮಾಡದೆ ನೆಲದ ಮೇಲೆ ಮಾಡಿ. ಈ ಸೋರಿಕೆ ಪರೀಕ್ಷೆಯನ್ನು ಸುಣ್ಣ ತೆಗೆದ ನಂತರವೇ ಮಾಡಬೇಕು. ಮೊದಲು ಮಾಡಿದ ಪರೀಕ್ಷೆ, ಸುಣ್ಣ ಸಂದನ್ನು ಮುಚ್ಚಿದ್ದರೆ, ನಂಬಲು ಬರುವುದಿಲ್ಲ.

ಎಲ್ಲ ಮುಗಿದ ಮೇಲೂ ಅಲ್ಲಲ್ಲಿ ಮಬ್ಬು ಉಳಿದರೆ ಒದ್ದೆ ಮಾಡಿ ನೋಡಿ. ನೀರು ತಾಕಿದಾಗ ಮಾಯವಾಗುವ ಮಬ್ಬು ನೀರು ತುಂಬಿದ ತೊಟ್ಟಿಯಲ್ಲಿ ಕಾಣುವುದಿಲ್ಲ, ಅದನ್ನು ಬೆನ್ನಟ್ಟಬೇಡಿ. ಹೆಚ್ಚು ಮಬ್ಬಿರುವ ಬದಿಯನ್ನು ಗೋಡೆಗೆ ತಿರುಗಿಸಿಡಿ.

ಪದರ ಮತ್ತೆ ಕಟ್ಟುವುದನ್ನು ಪೂರ್ತಿ ತಪ್ಪಿಸಲಾಗದು, ನಿಧಾನಗೊಳಿಸಬಹುದು. ಆವಿಯಾದಷ್ಟಕ್ಕೆ ಬೋರ್‌ವೆಲ್ ನೀರನ್ನೇ ಸುರಿಯುತ್ತ ಹೋದರೆ ಖನಿಜ ಸೇರುತ್ತಲೇ ಹೋಗುತ್ತದೆ, ಹೊರಹೋಗುವ ದಾರಿ ಇಲ್ಲ. ಆವಿಯಾದ ಪಾಲಿಗೆ ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆನೀರು ಹಾಕಿ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ತೆಗೆದು ಹೊಸ ನೀರು ತುಂಬುವುದು ಬೇರೆ ಲೆಕ್ಕ, ಅದನ್ನು ಬಿಡಬೇಡಿ. ಆರ್‌ಒ ಯಂತ್ರದ ಪಕ್ಕದ ಕೊಳವೆಯಿಂದ ಬರುವ ತ್ಯಾಜ್ಯ ನೀರನ್ನು ಮಿತವ್ಯಯವೆಂದು ತೊಟ್ಟಿಗೆ ಸುರಿಯುವವರಿದ್ದಾರೆ. ಮೂಲ ನೀರಿನ ಲವಣವೆಲ್ಲ ಸಾಂದ್ರವಾಗಿ ಇರುವುದು ಅದರಲ್ಲೇ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಕ್ಯಾಲ್ಸಿಯಂ ಬದಲಿಗೆ ಸೋಡಿಯಂ ತುಂಬಿಕೊಂಡಿರುತ್ತದೆ. ಪದರ ಕಡಿಮೆ ಕಟ್ಟುತ್ತದೆ, ಆದರೆ ಕರಗಿದ ಲವಣದ ಮೊತ್ತ ಇಳಿದಿರುವುದಿಲ್ಲ. ಮುಚ್ಚಳ ಇದ್ದರೆ ಆವಿಯಾಗುವುದೇ ಕಡಿಮೆ. ನೀರು ಬದಲಿಸಿದ ದಿನ ನೀರಿನ ಮಟ್ಟಕ್ಕಿಂತ ಮೇಲಿನ ಗಾಜನ್ನೂ ಮುಚ್ಚಳದ ಒಳಮೈಯನ್ನೂ ಬರಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ತೇವ ತೆಗೆಯಿರಿ. ವಾರದ ಪದರ ಅಷ್ಟಕ್ಕೇ ಹೋಗುತ್ತದೆ.